ವೀಕ್ಷಣಾಲಯದಿಂದ ಹೊರಬಂದ ಹುಡುಗ ಎಲ್ಲಿಗೆ ಹೋಗಬೇಕು?

ಹೊಸಬೆಳಗು:

ಬಾಲ ನ್ಯಾಯದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಹದಿನಾರು ತುಂಬಿದ ಹುಡುಗ ಘೋರ ಅಪರಾಧ ಮಾಡಿದರೆ ಅವನನ್ನು ವಯಸ್ಕನಂತೆ ವಿಚಾರಣೆಗೆ ಗುರಿಪಡಿಸಬೇಕೇ, ಬೇಡವೇ? 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದಲ್ಲಿ ಅಪ್ರಾಪ್ತನಾಗಿದ್ದ ಆರೋಪಿಗೆ ಆಗಿನ ಕಾನೂನಿನಂತೆ ಗರಿಷ್ಠವಾದ ಮೂರು ವರ್ಷಗಳ ವಿಶೇಷ ಗೃಹವಾಸ, ಅಂದರೆ ತಪ್ಪಿತಸ್ಥರೆಂದು ಕಂಡುಬಂದ ಮಕ್ಕಳಿಗಾಗಿಯೇ ಇರುವ ಗೃಹದಲ್ಲಿ ವಾಸ, ವಿಧಿಸಲಾಯಿತು. ಅವನು 2015ರ ಡಿಸೆಂಬರ್‌ನಲ್ಲಿ ಹೊರಬಂದ ಬೆನ್ನಲ್ಲೇ ರಾಜ್ಯಸಭೆ ಹೊಸ ಮಸೂದೆಗೆ ಒಪ್ಪಿಗೆ ನೀಡಿತು. 2016ರ ಜನವರಿ 15ರಿಂದ ಈಗಿನ ಬಾಲ ನ್ಯಾಯ ಕಾಯ್ದೆ ಜಾರಿಗೆ ಬಂದಿತು. ಆ ಹೊತ್ತಿನ ಸಿಟ್ಟು ಅರ್ಥವಾಗದ್ದೇನಲ್ಲ. ಆದರೆ ಅಪರಾಧದ ಆರೋಪ ಹೊತ್ತ ಮಕ್ಕಳ ಪ್ರಕರಣಗಳನ್ನು ವಿಚಾರಿಸುವ ಬಾಲ ನ್ಯಾಯ ಮಂಡಳಿಯಲ್ಲಿ ಸಮಾಜ ಕಾರ್ಯಕರ್ತೆಯಾಗಿ ಸದಸ್ಯತ್ವ ವಹಿಸಿದ್ದ ನನಗೆ ಅಲ್ಲಿ ಕಂಡದ್ದೇ ಬೇರೆ. ನಮ್ಮ ಮುಂದೆ ಬರುತ್ತಿದ್ದ ಮಕ್ಕಳಲ್ಲಿ ಬಹುಪಾಲು ಮೊಬೈಲ್ ಕದ್ದವರು, ಬೈಕ್ ಕದ್ದು ಪೆಟ್ರೋಲ್ ಮುಗಿಯುವ ತನಕ ಓಡಿಸಿ ಎಲ್ಲೋ ಬಿಟ್ಟುಹೋದವರು, ಗುಂಪು ಹೊಡೆದಾಟದಲ್ಲಿ ಸಿಕ್ಕಿಬಿದ್ದವರು. ಇವರನ್ನು ಹೇಗೆ ವಿಚಾರಿಸಬೇಕು ಎಂಬ ಬಗ್ಗೆ ನಮಗೆ ಗೊಂದಲವಿರಲಿಲ್ಲ. ಹೊರಗೆ ಹೋದ ಮೇಲೆ ಇವರ ಗತಿಯೇನು ಎಂಬುದಕ್ಕೆ ಮಾತ್ರ ಯಾರಲ್ಲಿಯೂ ಉತ್ತರವಿರುತ್ತಿರಲಿಲ್ಲ.

ವೀಕ್ಷಣಾಲಯದಿಂದ, ಅಂದರೆ ವಿಚಾರಣೆ ಮುಗಿಯುವ ತನಕ ಇಂಥ ಮಕ್ಕಳನ್ನು ಇರಿಸುವ ಗೃಹದಿಂದ, ಬಿಡುಗಡೆಯಾಗುವ ದಿನ ಹುಡುಗನನ್ನು ಕರೆದೊಯ್ಯಲು ಯಾರು ಬರುತ್ತಾರೆ ಎಂಬುದನ್ನು ನಾನು ಗಮನಿಸುತ್ತಿದ್ದೆ. ತಂದೆ ತಾಯಿ ಇಬ್ಬರೂ ಬಂದರೆ ಸಮಾಧಾನ. ತಾಯಿ ಒಬ್ಬಳೇ ಬಂದು, ದಿನಗೂಲಿ ತಪ್ಪಿತೆಂಬ ಆತಂಕದಲ್ಲಿ ಎಲ್ಲಿ ಸಹಿ ಮಾಡಬೇಕೆಂದು ಕೇಳುತ್ತ ನಿಂತಿದ್ದರೆ ಅರ್ಧ ಸಮಾಧಾನ. ಕೆಲವೊಮ್ಮೆ ಕಾಗದಪತ್ರಕ್ಕೆ ಸಹಿ ಹಾಕಿದವರು ದೂರದ ಚಿಕ್ಕಪ್ಪನಾಗಿದ್ದು, ಗೇಟಿನ ಹೊರಗೆ ಎರಡು ಬೈಕಿನಲ್ಲಿ ಕಾದು ನಿಂತವರು ಹುಡುಗನನ್ನು ಈ ಪ್ರಕರಣಕ್ಕೆ ಎಳೆದ ಅದೇ ಗೆಳೆಯರಾಗಿರುತ್ತಿದ್ದರು. ಪ್ರತಿ ಮಗುವಿಗೂ ವೈಯಕ್ತಿಕ ಆರೈಕೆ ಯೋಜನೆ ಇರಬೇಕು, ಬಿಡುಗಡೆಗೆ ಮುಂಚಿನ ವರದಿ ಮತ್ತು ನಂತರದ ವರದಿ ಎರಡೂ ಅದರಲ್ಲಿ ಇರಬೇಕು ಎಂದು ನಿಯಮಗಳು ಹೇಳುತ್ತವೆ. ನಾನು ಓದಿದ ಕಡತಗಳಲ್ಲಿ ಬಿಡುಗಡೆಯ ನಂತರದ ಭಾಗದಲ್ಲಿ ಬಹಳಷ್ಟು ಸಲ ಇದ್ದುದು ಒಂದೇ ಸಾಲು: ‘ಪೋಷಕರ ವಶಕ್ಕೆ ನೀಡಲಾಗಿದೆ.’

ಪುನರ್ವಸತಿ ಎಂಬುದು ಗೃಹದೊಳಗೆ ಕೊಡುವ ಹೊಲಿಗೆ ತರಬೇತಿಯಲ್ಲಿಯೋ ಬೆಳಗಿನ ಯೋಗಾಭ್ಯಾಸದಲ್ಲಿಯೋ ಮುಗಿಯುವುದಿಲ್ಲ. ಹುಡುಗ ಹಳೆಯ ಬೀದಿಗೆ ಮರಳಿದ ಮೊದಲ ಕೆಲವು ತಿಂಗಳುಗಳಲ್ಲಿ ಅದು ಉಳಿಯುತ್ತದೆ ಅಥವಾ ಅಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಆ ತಿಂಗಳುಗಳ ಹೊಣೆ ಯಾರದು ಎಂಬ ಬಗ್ಗೆ ಅನುಭವವಿರುವವರು ಬರೆಯಬೇಕೆಂದು ಕೋರುತ್ತೇನೆ.

ನೇರನುಡಿ:

ಮೇಡಂ ಅವರ ಕಳಕಳಿಯನ್ನು ಗೌರವಿಸುತ್ತೇನೆ, ಆದರೆ ಮೊದಲ ಪ್ರಶ್ನೆಯನ್ನು ಇಷ್ಟು ಸುಲಭವಾಗಿ ಬದಿಗೆ ಸರಿಸುವುದನ್ನು ಒಪ್ಪಲಾರೆ. ಹದಿನೇಳು ವರ್ಷ ಹನ್ನೊಂದು ತಿಂಗಳಿನವನು ಕೊಲೆ ಮಾಡಿದರೆ ಮಗು, ಒಂದು ತಿಂಗಳು ಕಳೆದು ಮಾಡಿದರೆ ಅಪರಾಧಿ ಎಂಬ ಲೆಕ್ಕವನ್ನು ಸತ್ತವರ ಮನೆಯವರ ಮುಂದೆ ಹೇಗೆ ಹೇಳುವುದು? ಮಾಡಿದ್ದುಣ್ಣೋ ಮಹಾರಾಯ ಎಂದು ಜನ ಹೇಳುವುದರಲ್ಲಿ ಒಂದು ನ್ಯಾಯವಿದೆ. ಮೇಲಾಗಿ, ಅಪ್ರಾಪ್ತರಿಗೆ ಶಿಕ್ಷೆ ಹಗುರವೆಂದು ತಿಳಿದೇ ದೊಡ್ಡವರು ಅವರನ್ನು ಮುಂದೆ ಬಿಟ್ಟು ಕೆಲಸ ಮಾಡಿಸುತ್ತಾರೆ. ಕಾನೂನು ಮೃದುವಾದಷ್ಟೂ ಇಂತಹ ಬಳಕೆ ಹೆಚ್ಚುತ್ತದೆಯಲ್ಲವೇ?

ಕರಿಕೋಟು:

ವಕೀಲನಾಗಿ ಕೆಲವು ಅಂಶಗಳನ್ನು ಸ್ಪಷ್ಟಪಡಿಸುತ್ತೇನೆ, ಏಕೆಂದರೆ ಕಾಯ್ದೆ ಹೇಳುವುದಕ್ಕೂ ಜನ ಕಾಯ್ದೆಯ ಬಗ್ಗೆ ನಂಬಿರುವುದಕ್ಕೂ ಬಹಳ ಅಂತರವಿದೆ.

ಕಾಯ್ದೆ ಅಪರಾಧಗಳನ್ನು ಮೂರಾಗಿ ವಿಂಗಡಿಸುತ್ತದೆ. ಗರಿಷ್ಠ ಮೂರು ವರ್ಷ ಶಿಕ್ಷೆಯವು ಸಣ್ಣ ಅಪರಾಧಗಳು, ಮೂರರಿಂದ ಏಳು ವರ್ಷದವು ಗಂಭೀರ ಅಪರಾಧಗಳು, ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕೂ ಮೇಲ್ಪಟ್ಟಿರುವವು ಘೋರ ಅಪರಾಧಗಳು. ಗರಿಷ್ಠ ಶಿಕ್ಷೆ ಏಳು ವರ್ಷ ಮೀರಿದ್ದರೂ ಕನಿಷ್ಠ ಶಿಕ್ಷೆಯನ್ನೇ ಹೇಳದಿರುವ ಅಪರಾಧಗಳನ್ನು ಎಲ್ಲಿ ಸೇರಿಸಬೇಕೆಂಬ ತೊಡಕಿತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಅವು ಗಂಭೀರ ಅಪರಾಧಗಳೆಂದು ಹೇಳಿತು, 2021ರ ತಿದ್ದುಪಡಿ ಅದನ್ನೇ ಕಾಯ್ದೆಗೆ ಸೇರಿಸಿತು. ಹದಿನಾರರಿಂದ ಹದಿನೆಂಟರೊಳಗಿನವರು ಘೋರ ಅಪರಾಧದ ಆರೋಪಕ್ಕೆ ಒಳಗಾದರೆ ಮಾತ್ರ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ನಡೆಸುತ್ತದೆ. ಅಗತ್ಯವೆನಿಸಿದರೆ ಪ್ರಕರಣವನ್ನು ಮಕ್ಕಳ ನ್ಯಾಯಾಲಯಕ್ಕೆ ಕಳುಹಿಸುತ್ತದೆ. ಅಲ್ಲಿ ವಯಸ್ಕನಂತೆ ವಿಚಾರಣೆ ನಡೆದು ಶಿಕ್ಷೆಯಾದರೂ ಹುಡುಗ ಜೈಲಿಗೆ ಹೋಗುವುದಿಲ್ಲ. ಇಪ್ಪತ್ತೊಂದು ವರ್ಷ ತುಂಬುವ ತನಕ ಸುರಕ್ಷತಾ ಸ್ಥಳದಲ್ಲಿ, ಅಂದರೆ ಜೈಲಲ್ಲದ ಪ್ರತ್ಯೇಕ ಗೃಹದಲ್ಲಿ, ಇರುತ್ತಾನೆ. ಆಗ ನ್ಯಾಯಾಲಯ ಅವನ ಸುಧಾರಣೆಯನ್ನು ಪರಿಶೀಲಿಸಿ, ಷರತ್ತುಗಳೊಂದಿಗೆ ಬಿಡಬೇಕೋ ಉಳಿದ ಅವಧಿಗೆ ಜೈಲಿಗೆ ಕಳುಹಿಸಬೇಕೋ ಎಂದು ತೀರ್ಮಾನಿಸುತ್ತದೆ. ಮರಣದಂಡನೆಯನ್ನೂ, ಬಿಡುಗಡೆಯ ಅವಕಾಶವೇ ಇಲ್ಲದ ಜೀವಾವಧಿಯನ್ನೂ ವಿಧಿಸುವಂತಿಲ್ಲ. ಅಂದರೆ ನೇರನುಡಿಯವರು ಕೇಳುವ ಕಾಠಿಣ್ಯ ಕಾನೂನಿನಲ್ಲಿ ಈಗಾಗಲೇ ಸಾಕಷ್ಟಿದೆ.

ದೊಡ್ಡವರು ಮಕ್ಕಳನ್ನು ಬಳಸಿಕೊಳ್ಳುವ ವಿಷಯ ನಿಜ. ಅದಕ್ಕೆಂದೇ 83ನೇ ಕಲಮು ಇದೆ: ಮಕ್ಕಳನ್ನು ಅಕ್ರಮ ಕೆಲಸಗಳಿಗೆ ಬಳಸುವ ವಯಸ್ಕರಿಗೆ ಏಳು ವರ್ಷಗಳವರೆಗೆ ಕಠಿಣ ಸಜೆ, ಐದು ಲಕ್ಷ ರೂಪಾಯಿ ದಂಡ. ನನ್ನ ವೃತ್ತಿಯಲ್ಲಿ ಈ ಕಲಮಿನಡಿ ಸಲ್ಲಿಕೆಯಾದ ದೋಷಾರೋಪ ಪಟ್ಟಿಯನ್ನು ನೋಡಿದ್ದು ತೀರ ಅಪರೂಪ. ಹಾಗಿರುವಾಗ ಮಗುವಿನ ಶಿಕ್ಷೆ ಹೆಚ್ಚಿಸುವುದರಿಂದ ಹಿಂದೆ ನಿಂತವನ ಕೂದಲೂ ಕೊಂಕುವುದಿಲ್ಲ.

ಇನ್ನೊಂದು ಮಾತು, ಇದು ಹೊಸಬೆಳಗು ಅವರ ಕಡೆಗೆ. ತಿದ್ದುತ್ತೇವೆ ಎಂಬ ಸದುದ್ದೇಶವೂ ಅಪಾಯಕಾರಿಯಾಗಬಲ್ಲದು. 1899ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯ ಮಕ್ಕಳಿಗೆ ಪ್ರತ್ಯೇಕ ನ್ಯಾಯಾಲಯ ತೆರೆದಾಗ, ಇಲ್ಲಿ ಶಿಕ್ಷೆಯ ಉದ್ದೇಶವಿಲ್ಲ, ಆದ್ದರಿಂದ ವಕೀಲರ ಗೊಡವೆಯೂ ಬೇಡ ಎಂಬ ಧೋರಣೆ ಬೆಳೆಯಿತು. ಪರಿಣಾಮವನ್ನು 1967ರ ಗಾಲ್ಟ್ ಪ್ರಕರಣದಲ್ಲಿ ಕಾಣಬಹುದು: ಅಶ್ಲೀಲ ಫೋನ್ ಕರೆ ಮಾಡಿದನೆಂಬ ಆರೋಪಕ್ಕೆ ಹದಿನೈದರ ಹುಡುಗನನ್ನು ಇಪ್ಪತ್ತೊಂದು ತುಂಬುವ ತನಕ ಸುಧಾರಣಾ ಶಾಲೆಗೆ ಒಪ್ಪಿಸಲಾಗಿತ್ತು. ಅದೇ ತಪ್ಪಿಗೆ ವಯಸ್ಕನಿಗೆ ಹೆಚ್ಚೆಂದರೆ ಐವತ್ತು ಡಾಲರ್ ದಂಡ ಅಥವಾ ಎರಡು ತಿಂಗಳ ಸೆರೆ. ಮಕ್ಕಳಿಗೂ ವಕೀಲರ ನೆರವು ಪಡೆಯುವ, ಸಾಕ್ಷಿಗಳನ್ನು ಪ್ರಶ್ನಿಸುವ ಹಕ್ಕಿದೆಯೆಂದು ಆ ದೇಶದ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಪುನರ್ವಸತಿಯ ಹೆಸರಿನಲ್ಲಿ ಹುಡುಗನನ್ನು ಹೆಚ್ಚು ದಿನ ಒಳಗಿಟ್ಟುಕೊಳ್ಳುವ ಪ್ರವೃತ್ತಿ ನಮ್ಮಲ್ಲಿಯೂ ಇಲ್ಲದಿಲ್ಲ.

ಹೊಸಬೆಳಗು:

ಕೊನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಜಾಮೀನಿನ ವಿಷಯದಲ್ಲಿಯೂ ಇದೇ ಆಗುತ್ತದೆ. 12ನೇ ಕಲಮಿನಂತೆ ಮಗುವಿಗೆ ಜಾಮೀನು ಕೊಡುವುದೇ ನಿಯಮ. ಬಿಡುಗಡೆಯಿಂದ ಅವನು ಅಪರಾಧಿಗಳ ಸಹವಾಸಕ್ಕೆ ಬೀಳುವ ಸಾಧ್ಯತೆ, ಅವನಿಗೇ ಅಪಾಯ ಒದಗುವ ಸಾಧ್ಯತೆ ಅಥವಾ ನ್ಯಾಯದ ಉದ್ದೇಶವೇ ವಿಫಲವಾಗುವ ಸಾಧ್ಯತೆ ಇದ್ದರೆ ಮಾತ್ರ, ಕಾರಣಗಳನ್ನು ಬರೆದು, ನಿರಾಕರಿಸಬಹುದು. ಆದರೆ ಜಾಮೀನು ಆದೇಶವಾಗಿಯೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿದ ಮಕ್ಕಳನ್ನು ನಾನು ನೋಡಿದ್ದೇನೆ. ಏಳು ದಿನಗಳೊಳಗೆ ಷರತ್ತು ಪೂರೈಸಲಾಗದಿದ್ದರೆ ಮಗುವನ್ನು ಮತ್ತೆ ಮಂಡಳಿಯ ಮುಂದೆ ತಂದು ಷರತ್ತು ಸಡಿಲಿಸಬೇಕೆಂಬ ನಿಯಮವನ್ನು ಎಲ್ಲರೂ ನೆನಪಿಟ್ಟುಕೊಂಡರೆ ಅಷ್ಟು ಮಕ್ಕಳು ಬೇಗ ಮನೆ ಸೇರುತ್ತಾರೆ.

ಮನೋಲೋಕ:

ಪ್ರಾಥಮಿಕ ಮೌಲ್ಯಮಾಪನಕ್ಕಾಗಿ ಮಂಡಳಿಯಿಂದ ನನ್ನ ಬಳಿಗೆ ಮಕ್ಕಳು ಬರುತ್ತಾರೆ. ಕಾಯ್ದೆಯ 15ನೇ ಕಲಮು ಕೇಳುವುದು ಇಷ್ಟು: ಅಪರಾಧ ಎಸಗುವ ಮಾನಸಿಕ ಮತ್ತು ದೈಹಿಕ ಸಾಮರ್ಥ್ಯ ಅವನಿಗಿತ್ತೇ, ಪರಿಣಾಮಗಳನ್ನು ಅರಿಯಬಲ್ಲವನಾಗಿದ್ದನೇ, ಯಾವ ಸಂದರ್ಭದಲ್ಲಿ ಅದು ನಡೆಯಿತು? ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯುವುದು ಕಡ್ಡಾಯವೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅದು ಒಳ್ಳೆಯದೇ. ಆದರೆ ತಜ್ಞರ ಕೋಣೆಯೊಳಗೆ ನಡೆಯುವುದೇನು ಎಂಬುದನ್ನು ಹೊರಗಿನವರು ಅರಿತಿರುವುದು ಕಡಿಮೆ.

ಎದುರಿಗೆ ಹುಡುಗ ಕುಳಿತಿರುತ್ತಾನೆ. ಘಟನೆ ನಡೆದು ವಾರಗಳು ಕಳೆದಿವೆ. ಪೊಲೀಸರು, ವಕೀಲರು, ಗೃಹದ ಹಿರಿಯ ಹುಡುಗರು ಎಲ್ಲರೂ ಅವನಿಗೆ ಏನೇನೋ ಹೇಳಿಕೊಟ್ಟಿದ್ದಾರೆ. ‘ಚಾಕುವಿನಿಂದ ಇರಿದರೆ ಏನಾಗುತ್ತದೆ?’ ಎಂದು ಕೇಳಿದರೆ ‘ಸಾಯ್ತಾರೆ ಸರ್’ ಎನ್ನುತ್ತಾನೆ. ಎಂಟು ವರ್ಷದ ಮಗುವೂ ಅದನ್ನೇ ಹೇಳುತ್ತದೆ. ಈ ಉತ್ತರವನ್ನು ಬರೆದುಕೊಂಡು ‘ಪರಿಣಾಮಗಳ ಅರಿವಿದೆ’ ಎಂದು ವರದಿ ಕೊಡುವುದು ಸುಲಭ. ಆದರೆ ಶಾಂತವಾದ ಕೋಣೆಯಲ್ಲಿ ಯೋಚಿಸಿ ಉತ್ತರ ಹೇಳುವ ಹುಡುಗನಿಗೂ, ಐದು ಜನ ಗೆಳೆಯರು ಸುತ್ತ ನಿಂತು ಹುರಿದುಂಬಿಸುತ್ತಿದ್ದಾಗ ಕೈ ಎತ್ತಿದ ಹುಡುಗನಿಗೂ ಬಹಳ ವ್ಯತ್ಯಾಸವಿದೆ. ಹರೆಯದಲ್ಲಿ ಬುದ್ಧಿಯ ಬೆಳವಣಿಗೆಗಿಂತ ಆವೇಶವನ್ನು ಹಿಡಿತದಲ್ಲಿಟ್ಟುಕೊಳ್ಳುವ ಶಕ್ತಿಯ ಬೆಳವಣಿಗೆ ನಿಧಾನ. ಅದು ಇಪ್ಪತ್ತು ದಾಟಿದ ಮೇಲೂ ನಡೆಯುತ್ತಿರುತ್ತದೆ. ಗೆಳೆಯರ ಕಣ್ಣೆದುರಿನಲ್ಲಿ ಅಪಾಯಕ್ಕೆ ಧುಮುಕುವ ಪ್ರವೃತ್ತಿಯೂ ಈ ವಯಸ್ಸಿನಲ್ಲಿಯೇ ಹೆಚ್ಚು. ಹೀಗಾಗಿ ನನ್ನ ವರದಿಗಳಲ್ಲಿ ಸಾಮರ್ಥ್ಯಕ್ಕೆ ಎರಡು ಸಾಲು ಸಾಕಾಗುತ್ತದೆ, ಸಂದರ್ಭಕ್ಕೆ ಎರಡು ಪುಟ ಬೇಕಾಗುತ್ತದೆ.

1993ರಲ್ಲಿ ಟೆರಿ ಮಾಫಿಟ್ ಎಂಬ ಮನಶ್ಶಾಸ್ತ್ರಜ್ಞೆ ಮುಂದಿಟ್ಟ ಒಂದು ವಿಂಗಡಣೆ ಈ ಕ್ಷೇತ್ರದವರಿಗೆಲ್ಲ ಪರಿಚಿತ. ಹರೆಯದಲ್ಲಿ ತಪ್ಪು ಮಾಡುವವರಲ್ಲಿ ಬಹುಪಾಲು ಮಂದಿ ವಯಸ್ಸಿನೊಂದಿಗೆ ಅದನ್ನು ಬಿಟ್ಟುಬಿಡುತ್ತಾರೆ. ಬಾಲ್ಯದಲ್ಲಿಯೇ ಆರಂಭಿಸಿ ಬದುಕಿನುದ್ದಕ್ಕೂ ಮುಂದುವರಿಸುವವರು ಒಂದು ಸಣ್ಣ ಗುಂಪು ಮಾತ್ರ. ಮೊದಲನೆಯ ಗುಂಪಿನವರ ವಿಷಯದಲ್ಲಿ ವ್ಯವಸ್ಥೆಯ ಮುಖ್ಯ ಕೆಲಸ ಅವರು ತಾವಾಗಿ ಹೊರಬರುವ ದಾರಿಯನ್ನು ಮುಚ್ಚದಿರುವುದು. ಶಾಲೆ ಬಿಡಿಸುವುದು, ಹೆಸರು ಕೆಡಿಸುವುದು, ಪಳಗಿದವರ ಜೊತೆ ಕೂಡಿಹಾಕುವುದು ಇವೆಲ್ಲ ಆ ದಾರಿಯನ್ನು ಮುಚ್ಚುವ ಕ್ರಮಗಳೇ.

ನೇರನುಡಿ:

ಸಿದ್ಧಾಂತ ಕೇಳಲು ಚೆನ್ನಾಗಿದೆ. ಆದರೆ ಭಯವೆಂಬುದು ಕೆಲಸ ಮಾಡುವುದೇ ಇಲ್ಲವೇ? ಜೈಲು ಹೇಗಿರುತ್ತದೆಂದು ಒಮ್ಮೆ ತೋರಿಸಿದರೆ ಎಷ್ಟೋ ಹುಡುಗರು ದಾರಿಗೆ ಬರುತ್ತಾರೆ ಎಂಬುದು ನನ್ನ ನಂಬಿಕೆ.

ಮನೋಲೋಕ:

ಅದನ್ನು ಮಾಡಿಯೇ ನೋಡಿದ್ದಾರೆ. 1970ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ಜೈಲೊಂದರಲ್ಲಿ, ದಾರಿ ತಪ್ಪುವ ಲಕ್ಷಣವಿದ್ದ ಹುಡುಗರನ್ನು ಒಳಗೆ ಕರೆದೊಯ್ದು ಜೀವಾವಧಿ ಕೈದಿಗಳಿಂದ ಗದರಿಸಿ ಹೆದರಿಸುವ ಕಾರ್ಯಕ್ರಮ ಆರಂಭವಾಯಿತು. ಅದು ಬಹಳ ಜನಪ್ರಿಯವಾಗಿ ಬೇರೆಡೆಗಳಿಗೂ ಹಬ್ಬಿತು. ನಂತರ ಹುಡುಗರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪನ್ನು ಜೈಲಿಗೆ ಕರೆದೊಯ್ದು ಇನ್ನೊಂದನ್ನು ಕರೆದೊಯ್ಯದೆ ನಡೆಸಿದ ಒಂಬತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಜೈಲು ನೋಡಿ ಬಂದವರೇ ಹೆಚ್ಚು ಅಪರಾಧ ಮಾಡಿದ್ದು ಕಂಡುಬಂದಿತು. ಏನೂ ಮಾಡದೆ ಬಿಟ್ಟಿದ್ದರೂ ಅದಕ್ಕಿಂತ ಒಳ್ಳೆಯದಾಗುತ್ತಿತ್ತು.

ವಯಸ್ಕರ ನ್ಯಾಯಾಲಯಕ್ಕೆ ಕಳುಹಿಸುವ ಬಗ್ಗೆಯೂ ಅಲ್ಲಿ ಅಧ್ಯಯನಗಳಾಗಿವೆ. ಅವುಗಳನ್ನು ಪರಿಶೀಲಿಸಿದ ಸಾರ್ವಜನಿಕ ಆರೋಗ್ಯ ತಜ್ಞರ ಕಾರ್ಯಪಡೆಯೊಂದು 2007ರಲ್ಲಿ, ಹೀಗೆ ವರ್ಗಾವಣೆಗೊಂಡವರು ಬಾಲ ನ್ಯಾಯ ವ್ಯವಸ್ಥೆಯಲ್ಲಿಯೇ ಉಳಿದವರಿಗಿಂತ ಮುಂದೆ ಹೆಚ್ಚು ಹಿಂಸಾಕೃತ್ಯಗಳಲ್ಲಿ ತೊಡಗುತ್ತಾರೆಂಬ ತೀರ್ಮಾನಕ್ಕೆ ಬಂದಿತು. ಅಮೆರಿಕದ ಫಲಿತಾಂಶ ಇಲ್ಲಿಗೆ ಹಾಗೆಯೇ ಅನ್ವಯಿಸುತ್ತದೆಂದು ನಾನು ಹೇಳುತ್ತಿಲ್ಲ. ಭಯದಿಂದ ತಿದ್ದಬಹುದೆಂಬುದಕ್ಕೆ ಪುರಾವೆ ಒದಗಿಸುವ ಹೊಣೆ ಹಾಗೆ ವಾದಿಸುವವರ ಮೇಲಿದೆ ಎಂದಷ್ಟೇ ಹೇಳುತ್ತೇನೆ.

ಮೌನಗಂಗೆ:

ಈ ಚರ್ಚೆಯನ್ನು ಓದುತ್ತಲೇ ಇದ್ದೆ, ಬರೆಯಬಾರದೆಂದುಕೊಂಡಿದ್ದೆ. ನನ್ನ ತಮ್ಮನ ಮೇಲೆ ಅಪ್ರಾಪ್ತ ಹುಡುಗನೊಬ್ಬ ಹಲ್ಲೆ ಮಾಡಿದ. ತಮ್ಮ ಬದುಕಿದ, ಆದರೆ ಒಂದು ಕಣ್ಣಿನ ದೃಷ್ಟಿ ಪೂರ್ತಿ ಮರಳಲಿಲ್ಲ. ಆ ಹುಡುಗನಿಗೆ ಏನಾಯಿತು, ಅವನನ್ನು ಬಿಟ್ಟರೋ ಇಟ್ಟುಕೊಂಡರೋ ಎಂಬುದನ್ನು ನಮಗೆ ಯಾರೂ ತಿಳಿಸಲಿಲ್ಲ. ಠಾಣೆಯಲ್ಲಿ ಕೇಳಿದರೆ ಗೋಪ್ಯ ವಿಷಯ ಎಂದರು. ಒಂದು ದಿನ ಅವನು ನಮ್ಮ ಬೀದಿಯಲ್ಲಿಯೇ ನಡೆದು ಹೋಗುತ್ತಿದ್ದುದನ್ನು ನೋಡಿದ ಮೇಲೆ ಗೊತ್ತಾಯಿತು, ಹೊರಬಂದಿದ್ದಾನೆ ಎಂದು. ಇಲ್ಲಿ ಎಲ್ಲರೂ ಹುಡುಗನ ಭವಿಷ್ಯದ ಬಗ್ಗೆ ಬರೆದಿದ್ದೀರಿ. ಅವನನ್ನು ಗಲ್ಲಿಗೇರಿಸಿ ಎಂದು ನಾನು ಕೇಳುತ್ತಿಲ್ಲ. ಅವನು ನನ್ನ ತಮ್ಮನ ಎದುರಿಗೆ ಕುಳಿತು ತಾನು ಮಾಡಿದ್ದೇನೆಂದು ಒಮ್ಮೆ ಹೇಳಬೇಕಿತ್ತು. ನಿಮ್ಮ ವ್ಯವಸ್ಥೆಯಲ್ಲಿ ಅದಕ್ಕೆ ಜಾಗವೆಲ್ಲಿದೆ?

ಹೊಸಬೆಳಗು:

ಮೌನಗಂಗೆಯವರೇ, ನಿಮ್ಮ ಪ್ರಶ್ನೆಗೆ ನೇರ ಉತ್ತರವೆಂದರೆ, ಸದ್ಯದ ಪದ್ಧತಿಯಲ್ಲಿ ಅದಕ್ಕೆ ಜಾಗ ಬಹಳ ಕಡಿಮೆ. ಮಗುವಿನ ಗುರುತನ್ನು ಬಹಿರಂಗಪಡಿಸಬಾರದೆಂಬ 74ನೇ ಕಲಮು ಅಗತ್ಯವಾದದ್ದೇ; ಪತ್ರಿಕೆ, ಟಿವಿ, ಸಾಮಾಜಿಕ ಜಾಲತಾಣ ಎಲ್ಲಕ್ಕೂ ಅದು ಅನ್ವಯಿಸುತ್ತದೆ, ಮೀರಿದವರಿಗೆ ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಆದರೆ ಜಗತ್ತಿನಿಂದ ಮುಚ್ಚಿಡುವುದೂ, ಪೆಟ್ಟು ತಿಂದವರನ್ನೇ ಕತ್ತಲಲ್ಲಿಡುವುದೂ ಒಂದೇ ಅಲ್ಲ.

ನ್ಯೂಜಿಲೆಂಡಿನ ಕ್ರಮ ಈ ವಿಷಯದಲ್ಲಿ ಗಮನಾರ್ಹ. 1989ರ ಕಾಯ್ದೆಯ ಮೂಲಕ ಅಲ್ಲಿ ಕುಟುಂಬ ಸಮಾಲೋಚನಾ ಸಭೆಯನ್ನು ಬಾಲ ನ್ಯಾಯದ ಮಧ್ಯಕ್ಕೆ ತಂದರು. ಮಾವೊರಿ ಸಮುದಾಯದ ಮಕ್ಕಳನ್ನು ಕುಟುಂಬಗಳಿಂದ ಬೇರ್ಪಡಿಸಿ ಸಂಸ್ಥೆಗಳಲ್ಲಿಡುತ್ತಿದ್ದುದಕ್ಕೆ ಎದ್ದ ತೀವ್ರ ವಿರೋಧವೂ ಅದರ ಹಿಂದಿತ್ತು. ಹುಡುಗ, ಅವನ ಬಂಧುಗಳು, ತೊಂದರೆಗೆ ಒಳಗಾದವರು, ಪೊಲೀಸರು ಒಂದೇ ಕೋಣೆಯಲ್ಲಿ ಸೇರುತ್ತಾರೆ. ಸಂಯೋಜಕರೊಬ್ಬರು ಸಭೆ ನಡೆಸುತ್ತಾರೆ. ಏನಾಯಿತು, ಅದರಿಂದ ಯಾರಿಗೆ ಏನು ನಷ್ಟವಾಯಿತು ಎಂಬುದನ್ನು ಎಲ್ಲರ ಮುಂದೆ ಹೇಳಲಾಗುತ್ತದೆ. ನಂತರ ಕುಟುಂಬದವರು ಪ್ರತ್ಯೇಕವಾಗಿ ಕುಳಿತು ಕ್ಷಮೆ, ಪರಿಹಾರ, ಸಮುದಾಯ ಸೇವೆ, ಓದಿನ ಏರ್ಪಾಡು ಇವನ್ನೆಲ್ಲ ಒಳಗೊಂಡ ಯೋಜನೆಯನ್ನು ಮುಂದಿಡುತ್ತಾರೆ. ಅಲ್ಲಿಯೂ ಎಲ್ಲ ಸಭೆಗಳು ಸಫಲವಾಗುವುದಿಲ್ಲ, ಎಷ್ಟೋ ಸಲ ತೊಂದರೆಗೊಳಗಾದವರು ಬರುವುದೇ ಇಲ್ಲ. ಆದರೂ ಬರಲು ಇಚ್ಛಿಸುವವರಿಗೆ ಒಂದು ಕುರ್ಚಿ ಇರುತ್ತದೆ.

ನಮ್ಮ ಮಂಡಳಿಯೂ 18ನೇ ಕಲಮಿನಡಿ ಬುದ್ಧಿಮಾತು, ಸಮಾಲೋಚನೆ, ಸಮುದಾಯ ಸೇವೆ, ದಂಡ, ಸನ್ನಡತೆಯ ಷರತ್ತಿನ ಬಿಡುಗಡೆ ಇವುಗಳಲ್ಲಿ ಯಾವುದನ್ನಾದರೂ ಆದೇಶಿಸಬಹುದು. ಕೊನೆಯ ಉಪಾಯವಾಗಿ ಮಾತ್ರ ಮೂರು ವರ್ಷ ಮೀರದಂತೆ ವಿಶೇಷ ಗೃಹಕ್ಕೆ ಕಳುಹಿಸಬಹುದು. ನಿಮ್ಮಂಥವರು ಒಪ್ಪಿದಲ್ಲಿ, ಸಮಾಲೋಚನೆಯ ಭಾಗವಾಗಿ ಇಂಥ ಭೇಟಿಯನ್ನು ಏರ್ಪಡಿಸುವುದನ್ನು ಕಾಯ್ದೆ ನಿಷೇಧಿಸಿಲ್ಲ ಎಂಬುದು ನನ್ನ ತಿಳಿವಳಿಕೆ. ಅದನ್ನು ನಡೆಸಬಲ್ಲ ತರಬೇತಿ ಹೊಂದಿದವರು ಮಾತ್ರ ನಮ್ಮಲ್ಲಿ ಬೆರಳೆಣಿಕೆಯಷ್ಟು.

ಮೌನಗಂಗೆ:

ಉತ್ತರಕ್ಕೆ ಕೃತಜ್ಞತೆಗಳು. ಅಂಥ ಸಭೆಗೆ ತಮ್ಮ ಹೋಗುತ್ತಿದ್ದನೋ ಇಲ್ಲವೋ ಗೊತ್ತಿಲ್ಲ. ನಾನಂತೂ ಹೋಗುತ್ತಿದ್ದೆ.

ಪಾಠಶಾಲೆ:

ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ಹೊಸಬೆಳಗು ಅವರ ಮೂಲ ಪ್ರಶ್ನೆಗೆ ಮರಳುತ್ತೇನೆ. ವೀಕ್ಷಣಾಲಯದಲ್ಲಿದ್ದು ಬಂದ ಹುಡುಗನನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳುವ ಹೊತ್ತಿನಲ್ಲಿ ನಡೆಯುವುದನ್ನು ಇದ್ದಂತೆ ಹೇಳಬೇಕು. ಯಾರೂ ಬಾಯಿಬಿಟ್ಟು ಬೇಡ ಎನ್ನುವುದಿಲ್ಲ. ಹಾಜರಾತಿ ಸಾಲದು ಎನ್ನುತ್ತಾರೆ, ಈ ವರ್ಷ ಬೇಡ, ಮುಂದಿನ ಜೂನ್‌ನಲ್ಲಿ ಬನ್ನಿ ಎನ್ನುತ್ತಾರೆ, ಬೇರೆ ಶಾಲೆಯಲ್ಲಿ ಅವನಿಗೇ ಅನುಕೂಲ ಎಂದು ಟಿ.ಸಿ. ಕೈಗಿಡುತ್ತಾರೆ. ಪೋಷಕರ ಸಭೆಯಲ್ಲಿ ಯಾರಾದರೂ ಅವನ ಹೆಸರೆತ್ತಿದರೆ ಆಡಳಿತ ಮಂಡಳಿಯ ಧೈರ್ಯ ಅಲ್ಲಿಗೇ ಕರಗುತ್ತದೆ. ಇನ್ನು ತರಗತಿಯಲ್ಲಿ ಒಂದು ಪೆನ್ನು ಕಳೆದುಹೋದರೂ ಎಲ್ಲರ ಕಣ್ಣು ಅವನ ಬೆಂಚಿನ ಕಡೆಗೆ.

ನಾವು ಒಂದು ಕ್ರಮವನ್ನು ಅನುಸರಿಸುತ್ತಿದ್ದೇವೆ, ಅದರಿಂದ ಸ್ವಲ್ಪ ಮಟ್ಟಿಗೆ ಪ್ರಯೋಜನವಾಗಿದೆ. ಹುಡುಗ ಬರುವ ಮೊದಲೇ, ಇಂಥ ಮಕ್ಕಳ ಮೇಲೆ ನಿಗಾ ಇಡುವ ಪರಿವೀಕ್ಷಣಾಧಿಕಾರಿಯೊಂದಿಗೆ (ಪ್ರೊಬೇಷನ್ ಅಧಿಕಾರಿ) ಮಾತನಾಡಿ, ವಿಷಯ ತಿಳಿದಿರಬೇಕಾದ ಒಬ್ಬ ಶಿಕ್ಷಕರನ್ನು ಮಾತ್ರ ಗೊತ್ತುಮಾಡಿಕೊಳ್ಳುತ್ತೇವೆ. ಸ್ಟಾಫ್ ರೂಮಿನಲ್ಲಿ ಅದರ ಪ್ರಸ್ತಾಪವಾಗಬಾರದು. ಆ ಶಿಕ್ಷಕರು ಅವನನ್ನು ದಿನಕ್ಕೊಮ್ಮೆ, ಯಾವುದೋ ಪುಸ್ತಕದ ನೆಪದಲ್ಲಿ, ಕಂಡು ಮಾತನಾಡಿಸುತ್ತಾರೆ. ಅವನು ಎರಡು ದಿನ ಬರದಿದ್ದರೆ ಮೂರನೆಯ ದಿನ ಮನೆಗೆ ಫೋನ್ ಹೋಗುತ್ತದೆ. ಇದಕ್ಕೆ ಹಣ ಬೇಕಾಗಿಲ್ಲ. ಆದರೆ ಆ ಶಿಕ್ಷಕರ ವರ್ಗಾವಣೆಯಾದ ವರ್ಷ ಒಬ್ಬ ಹುಡುಗ ನಮ್ಮ ಕೈತಪ್ಪಿಹೋದ. ವ್ಯಕ್ತಿಯನ್ನು ನಂಬಿ ನಡೆಯುವ ಏರ್ಪಾಡಿನ ಮಿತಿ ಅದು.

ಕರಿಕೋಟು:

ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಬರುವವರಿಗಾಗಿ ಅನುಪಾಲನೆಯ, ಅಂದರೆ ಹೊರಬಂದ ನಂತರದ ಆರೈಕೆಯ, ಏರ್ಪಾಡು ಕಾಯ್ದೆಯಲ್ಲಿಯೇ ಇದೆ ಎಂಬುದನ್ನು ಇಲ್ಲಿ ಸೇರಿಸಬಯಸುತ್ತೇನೆ. ವಸತಿ, ಓದು, ವೃತ್ತಿ ತರಬೇತಿ, ಹಣಕಾಸಿನ ನೆರವು ಇವೆಲ್ಲವೂ ಇಪ್ಪತ್ತೊಂದು ವರ್ಷದವರೆಗೆ, ವಿಶೇಷ ಸಂದರ್ಭಗಳಲ್ಲಿ ಇಪ್ಪತ್ತಮೂರರವರೆಗೆ ಸಿಗಬಹುದು. ಆದರೆ ಹದಿನೈದು ಹದಿನಾರರಲ್ಲಿ ಕೆಲವೇ ವಾರ ವೀಕ್ಷಣಾಲಯದಲ್ಲಿದ್ದು ಜಾಮೀನಿನ ಮೇಲೆ ಮನೆಗೆ ಮರಳುವ ಹುಡುಗ ಇದರ ವ್ಯಾಪ್ತಿಗೆ ಬರುವುದಿಲ್ಲ. ಅವನ ಪಾಲಿಗೆ ಇರುವುದು ಪರಿವೀಕ್ಷಣಾಧಿಕಾರಿಯೊಬ್ಬರೇ. ಅವರ ಮೇಜಿನ ಮೇಲೆ ಹೊಸ ಪ್ರಕರಣಗಳ ಸಾಮಾಜಿಕ ತನಿಖಾ ವರದಿಗಳು ಗುಡ್ಡೆ ಬಿದ್ದಿರುತ್ತವೆ. ಮನೆಭೇಟಿ ಯಾವಾಗಲೂ ಹಿಂದೆ ಬೀಳುತ್ತದೆ.

ದಾರಿಹೋಕ:

ಈ ಹೆಸರಿನಲ್ಲಿ ಬರೆಯುತ್ತಿರುವ ಕಾರಣ ಎಲ್ಲರಿಗೂ ಅರ್ಥವಾದೀತು. ಹದಿನಾರನೆಯ ವಯಸ್ಸಿನಲ್ಲಿ ನಾನು ವೀಕ್ಷಣಾಲಯದಲ್ಲಿದ್ದೆ, ನಂತರ ಮಂಡಳಿ ನನ್ನನ್ನು ಸನ್ನಡತೆಯ ಷರತ್ತಿನ ಮೇಲೆ ಬಿಟ್ಟಿತು. ಪ್ರಕರಣ ಅಂಗಡಿ ಕಳ್ಳತನದ್ದು. ಒಳಗಿನ ದಿನಗಳ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಟಿವಿ ಇತ್ತು, ಕೇರಂ ಇತ್ತು, ಬೇಸರವಿತ್ತು. ಬೀಗ ತೆಗೆಯುವ ಹೊಸ ಉಪಾಯಗಳನ್ನು ಕಲಿಸಲು ಹಿರಿಯ ಹುಡುಗರು ಸಿದ್ಧರಿದ್ದರು, ಅದು ಮೇಡಂ ಅವರಿಗೂ ಗೊತ್ತಿರುತ್ತದೆ.

ಕಷ್ಟ ಆರಂಭವಾದದ್ದು ಹೊರಬಂದ ಮೇಲೆ. ನಮ್ಮ ಕಡೆ ಎಲ್ಲಿ ಕಳ್ಳತನವಾದರೂ ಮೊದಲು ನಮ್ಮ ಮನೆಯ ಬಾಗಿಲು ಬಡಿಯುತ್ತಿದ್ದರು. ಬಂದವರು ಮಫ್ತಿಯಲ್ಲಿದ್ದರೂ ಅಕ್ಕಪಕ್ಕದವರಿಗೆ ಅವರು ಯಾರೆಂದು ಗೊತ್ತಾಗುತ್ತಿತ್ತು. ಬಾಡಿಗೆ ಮನೆಯನ್ನು ಎರಡು ಸಲ ಬದಲಿಸಿದೆವು. ನನ್ನನ್ನು ಉಳಿಸಿದ್ದು ಯಾವ ಯೋಜನೆಯೂ ಅಲ್ಲ. ಮೋಟಾರ್ ವೈಂಡಿಂಗ್ ಅಂಗಡಿಯ ಒಬ್ಬರು ಎಲ್ಲ ತಿಳಿದೂ ಕೆಲಸಕ್ಕೆ ಇಟ್ಟುಕೊಂಡರು, ಆರು ತಿಂಗಳ ನಂತರ ಗಲ್ಲಾದ ಕೀಲಿಯನ್ನು ನನ್ನ ಕೈಗೆ ಕೊಟ್ಟು ಊಟಕ್ಕೆ ಹೋದರು. ಆಮೇಲೆ ಐ.ಟಿ.ಐ. ಮುಗಿಸಿದೆ.

ಈಗ ಸರ್ಕಾರಿ ಸಂಸ್ಥೆಯೊಂದರಲ್ಲಿ ತಾಂತ್ರಿಕ ಹುದ್ದೆಗೆ ಆಯ್ಕೆಯಾಗಿದ್ದೇನೆ. ದೃಢೀಕರಣ ನಮೂನೆಯಲ್ಲಿ ಒಂದು ಪ್ರಶ್ನೆಯಿದೆ: ‘ನಿಮ್ಮ ಮೇಲೆ ಎಂದಾದರೂ ಯಾವುದೇ ಪ್ರಕರಣ ದಾಖಲಾಗಿತ್ತೇ?’ ಹೌದು ಎಂದರೆ ಕೆಲಸ ಹೋಗುತ್ತದೆಂಬ ಭಯ, ಇಲ್ಲ ಎಂದರೆ ಸುಳ್ಳು ಹೇಳಿದನೆಂದು ಮುಂದೆ ತೆಗೆದುಹಾಕುವ ಭಯ. ವಕೀಲರು ದಯವಿಟ್ಟು ತಿಳಿಸಬೇಕು.

ನೇರನುಡಿ:

ವಕೀಲರಿಗಿಂತ ಮೊದಲು ನಾನೊಂದು ಮಾತು ಹೇಳುತ್ತೇನೆ. ಕೊಲೆಗಡುಕರ ಬಗ್ಗೆ ನನ್ನ ನಿಲುವು ಹಾಗೆಯೇ ಇದೆ. ಆದರೆ ಹದಿನಾರರಲ್ಲಿ ಮಾಡಿದ ಕಳ್ಳತನಕ್ಕೆ ಇವರ ಉದ್ಯೋಗ ತಪ್ಪಿದರೆ ಅದು ಅನ್ಯಾಯ, ಅದರಲ್ಲಿ ನನಗೆ ಎರಡು ಮಾತಿಲ್ಲ.

ಕರಿಕೋಟು:

ದಾರಿಹೋಕರೇ, ಕಾನೂನು ನಿಮ್ಮ ಪರವಾಗಿದೆ. ಕಾಯ್ದೆಯ 24ನೇ ಕಲಮಿನ ಪ್ರಕಾರ, ಬಾಲ್ಯದಲ್ಲಿ ಅಪರಾಧ ಎಸಗಿ ಈ ಕಾಯ್ದೆಯಡಿ ಕ್ರಮಕ್ಕೆ ಒಳಗಾದವರಿಗೆ ಆ ಕಾರಣದಿಂದ ಯಾವ ಅನರ್ಹತೆಯೂ ತಟ್ಟುವಂತಿಲ್ಲ. ಕಾಯ್ದೆಯ ಮೂಲತತ್ವಗಳಲ್ಲಿಯೇ ಹೊಸ ಆರಂಭದ ತತ್ವವೂ ಇದೆ: ವಿಶೇಷ ಸಂದರ್ಭಗಳ ಹೊರತು ಮಗುವಿನ ಹಳೆಯ ದಾಖಲೆಗಳನ್ನು ಅಳಿಸಬೇಕು. ಮೇಲ್ಮನವಿಯ ಅವಧಿ ಅಥವಾ ಏಳು ವರ್ಷ, ಅಷ್ಟರವರೆಗೆ ಮಾತ್ರ ದಾಖಲೆಗಳನ್ನು ಸುರಕ್ಷಿತವಾಗಿಟ್ಟು ನಂತರ ನಾಶಪಡಿಸಬೇಕೆಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ಇದಕ್ಕಿಂತ ಮುಖ್ಯವಾದದ್ದು 74ನೇ ಕಲಮಿನ ಎರಡನೆಯ ಉಪಕಲಮು: ಪ್ರಕರಣ ಮುಕ್ತಾಯಗೊಂಡಿದ್ದರೆ ನಡತೆ ಪ್ರಮಾಣಪತ್ರಕ್ಕಾಗಲಿ ಬೇರೆ ಉದ್ದೇಶಕ್ಕಾಗಲಿ ಪೊಲೀಸರು ಆ ದಾಖಲೆಯನ್ನು ಬಹಿರಂಗಪಡಿಸುವಂತಿಲ್ಲ. 2019ರಲ್ಲಿ ಕೇಂದ್ರೀಯ ಸಶಸ್ತ್ರ ಪಡೆಯೊಂದರ ನೇಮಕಾತಿ ವಿವಾದದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಪ್ರಾಪ್ತನಾಗಿದ್ದಾಗಿನ ಪ್ರಕರಣವನ್ನು ಮುಂದಿಟ್ಟು ಅಭ್ಯರ್ಥಿಯನ್ನು ಅನರ್ಹನೆನ್ನಲಾಗದು ಎಂದಿದೆ.

ಇದಕ್ಕೊಂದು ಅಪವಾದವಿದೆ, ಅದನ್ನೂ ಇತರರು ತಿಳಿದಿರಲಿ. ಹದಿನಾರು ದಾಟಿದವರನ್ನು ಮಕ್ಕಳ ನ್ಯಾಯಾಲಯ ವಯಸ್ಕರಂತೆ ವಿಚಾರಿಸಿ ತಪ್ಪಿತಸ್ಥರೆಂದು ತೀರ್ಮಾನಿಸಿದ್ದರೆ ಈ ರಕ್ಷಣೆ ಸಿಗುವುದಿಲ್ಲ, ದಾಖಲೆಯೂ ಉಳಿಯುತ್ತದೆ. ನಿಮ್ಮ ಪ್ರಕರಣ ಆ ಬಗೆಯದಲ್ಲ.

ನಮೂನೆಯ ಪ್ರಶ್ನೆಯನ್ನು ಸುಮ್ಮನೆ ‘ಇಲ್ಲ’ ಎಂದು ತುಂಬಬೇಡಿ, ಹೌದು ಎಂದು ಬರೆದು ಸುಮ್ಮನಾಗಲೂ ಬೇಡಿ. ಮೊದಲು ಮಂಡಳಿಯಿಂದ ಅಂತಿಮ ಆದೇಶದ ದೃಢೀಕೃತ ಪ್ರತಿಯನ್ನು ಪಡೆಯಿರಿ. ದಾಖಲೆ ನಾಶದ ನಿರ್ದೇಶನ ಅದರಲ್ಲಿ ಇಲ್ಲದಿದ್ದರೆ ಅದಕ್ಕಾಗಿ ಒಂದು ಅರ್ಜಿ ಸಲ್ಲಿಸಿ. ಆ ಪ್ರತಿಯೊಂದಿಗೆ ಸ್ಥಳೀಯ ವಕೀಲರೊಬ್ಬರನ್ನು ಕಂಡು, ನಮೂನೆಯ ಪ್ರಶ್ನೆಯ ಪದಗಳನ್ನು ಅವರಿಗೆ ತೋರಿಸಿ, 24ನೇ ಕಲಮನ್ನು ಉಲ್ಲೇಖಿಸುವ ಉತ್ತರವನ್ನು ಅವರಿಂದಲೇ ಬರೆಸಿಕೊಳ್ಳಿ. ಶುಲ್ಕ ಕೊಡಲು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಿದರೆ ಉಚಿತ ನೆರವಿಗೆ ನೀವು ಅರ್ಹರೇ ಎಂಬುದನ್ನು ಅಲ್ಲಿಯೇ ತಿಳಿಸುತ್ತಾರೆ.

ಹೊಸಬೆಳಗು:

ವಕೀಲರ ಮಾತಿಗೆ ಒಂದು ಸೇರ್ಪಡೆ. ದಾಖಲೆ ನಾಶದ ನಿರ್ದೇಶನವನ್ನು ಮಂಡಳಿ ತಾನಾಗಿಯೇ ಕೊಡಬೇಕೆಂದು ಕಾಯ್ದೆಯಲ್ಲಿದೆ, ಆದರೆ ಅಂತಿಮ ಆದೇಶ ಬರೆಯುವ ಗಡಿಬಿಡಿಯಲ್ಲಿ ಅದು ಬಿಟ್ಟುಹೋಗುವುದುಂಟು. ಮಕ್ಕಳ ಪರ ಹಾಜರಾಗುವ ವಕೀಲರು ಆದೇಶದ ದಿನವೇ ಎದ್ದು ನಿಂತು ಅದನ್ನು ಕೇಳಿಕೊಂಡರೆ ಒಂದು ಸಾಲಿನ ಕೆಲಸ. ದಾರಿಹೋಕರೇ, ನೀವು ಮಂಡಳಿಗೆ ಹೋಗುವಾಗ ಪ್ರಕರಣದ ಸಂಖ್ಯೆ ನೆನಪಿಲ್ಲದಿದ್ದರೂ ಚಿಂತೆಯಿಲ್ಲ, ವರ್ಷ ಮತ್ತು ಠಾಣೆಯ ಹೆಸರು ಹೇಳಿದರೆ ಕಚೇರಿಯ ರಿಜಿಸ್ಟರಿನಲ್ಲಿ ಹುಡುಕಿಕೊಡುತ್ತಾರೆ. ಮಂಡಳಿ ದಿನವೂ ಸೇರದ ಜಿಲ್ಲೆಗಳೂ ಇವೆ, ಆದ್ದರಿಂದ ಸಭೆಯ ದಿನ ಯಾವುದೆಂದು ಮೊದಲೇ ವಿಚಾರಿಸಿಕೊಂಡು ಹೋಗಿ. ಅರ್ಜಿ ಸಲ್ಲಿಸಿದ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.